ಕೈಗವಸು ಇನ್ನೂರು ಜೊತೆ ಒಳಪದರ

ದೇಶವೊಂದರ ರಕ್ಷಣೆಯ ಇತಿಹಾಸ ಬರೆಯುವವರು ಮುಂದೆಂದಾದರೂ ಗಮನಿಸಲೇಬೇಕಾದ ಸಂಗತಿಯೊಂದನ್ನು ಇಲ್ಲಿ ಯಾವ ಉತ್ಪ್ರೇಕ್ಷೆಯೂ ಇಲ್ಲದೆ ದಾಖಲಿಸಲಾಗುತ್ತಿದೆ: ಒಂದು ಬುಧವಾರ ಬೆಳಿಗ್ಗೆ ಹನ್ನೊಂದೂಕಾಲಿಗೆ, ಸೇನಾ ಖರೀದಿ ಕಚೇರಿಯ ಮೂರನೆಯ ಮಹಡಿಯಲ್ಲಿ, ಕಿಟಕಿ ಪಕ್ಕದ ಮೇಜಿನ ಮೇಲೆ, ಒಂದು ಅಲ್ಪವಿರಾಮ ಇಲ್ಲವೆಂಬುದು ಪತ್ತೆಯಾಯಿತು.

ಫಿರಂಗಿ ಕಾಣೆಯಾದರೆ ಏನು ಮಾಡಬೇಕೆಂಬುದಕ್ಕೆ ಆ ಕಚೇರಿಯಲ್ಲಿ ಮೂರು ಪ್ರತಿಯ ನಮೂನೆ ಇದೆ. ಕುದುರೆ ಕಾಣೆಯಾದರೂ ಇದೆ, ಸೇನೆಯಲ್ಲಿ ಈಗ ಕುದುರೆಗಳೇ ಇಲ್ಲದಿದ್ದರೂ. ಅಲ್ಪವಿರಾಮಕ್ಕೆ ಮಾತ್ರ ಇರಲಿಲ್ಲ.

ಪತ್ತೆ ಮಾಡಿದವರು ಟೇಪು ಮೇಡಂ. ಅವರ ಕೈಚೀಲದಲ್ಲಿ ಸದಾ ಒಂದು ಅಳತೆ ಟೇಪು ಇರುತ್ತಿತ್ತು. ಬಂದ ಸಾಮಾನು ಕಂಬಳಿಯಿರಲಿ ಕುರ್ಚಿಯಿರಲಿ, ಕಾಗದದ ಮೇಲಿನ ಉದ್ದಕ್ಕೂ ಕಣ್ಣೆದುರಿನ ಉದ್ದಕ್ಕೂ ಏನಾದರೂ ನಂಟಿದೆಯೇ ಎಂದು ತಾವೇ ಎಳೆದು ನೋಡುತ್ತಿದ್ದರು. ಹದಿನಾಲ್ಕು ವರ್ಷದ ಸೇವೆಯಲ್ಲಿ ಅವರಿಗೆ ದೂರದ ನಂಟುಗಳೇ ಹೆಚ್ಚಾಗಿ ಕಂಡಿದ್ದವು.

ಆ ಬುಧವಾರ ಅವರ ಮುಂದಿದ್ದದ್ದು ಗಡಿಯ ಎತ್ತರದ ಕಾವಲುಠಾಣೆಯೊಂದರಿಂದ ಬಂದ ಬೇಡಿಕೆ. ಒಂದೇ ಸಾಲು: ‘ಕೈಗವಸು ಇನ್ನೂರು ಜೊತೆ ಒಳಪದರ’. ಮೇಡಂ ಅದನ್ನು ಮೂರು ಸಲ ಓದಿದರು. ಮೂರು ಸಲವೂ ಅದು ಬೇರೆ ಬೇರೆ ಸಾಲಾಗಿತ್ತು.

“ಅಣ್ಣಾ, ಇದನ್ನೊಂಚೂರು ಓದಿ,” ಎಂದು ಪಕ್ಕದ ಮೇಜಿನ ಹಿರಿಯ ಟೈಪಿಸ್ಟನನ್ನು ಕರೆದರು. ಕಚೇರಿಗೆಲ್ಲ ಅವನು ಅಣ್ಣನೇ. ದೊಡ್ಡ ಸಾಹೇಬರೂ, ಅವನಿಗಿಂತ ಎರಡು ವರ್ಷ ದೊಡ್ಡವರಾಗಿದ್ದರೂ, ಹಾಗೇ ಕರೆಯುತ್ತಿದ್ದರು.

ಅಣ್ಣ ಓದಿದ. “ಕೈಗವಸು ಇನ್ನೂರು ಜೊತೆ... ಒಳಪದರ.”

“ನಡುವೆ ನಿಂತ್ರಲ್ಲ, ಯಾಕೆ?”

“ಮನುಷ್ಯ ಅಂದ್ಮೇಲೆ ಉಸಿರು ಬೇಡ್ವಾ ಮೇಡಂ?”

“ನಿಲ್ದೆ ಓದಿ.”

ಅವನು ನಿಲ್ಲದೆ ಓದಿದ. ಹುಬ್ಬು ಗಂಟಿಕ್ಕಿತು. ಇನ್ನೊಮ್ಮೆ ಓದಿದ, ಈ ಸಲ ಬೇರೆ ಕಡೆ ನಿಂತು. ಕನ್ನಡಕ ತೆಗೆದು ಒರೆಸಿದ.

“ಇನ್ನೂರು ಜೊತೆ ಕೈಗವಸು, ಆಮೇಲೆ ಒಳಪದರ ಅಂತಾನಾ?” ಎಂದರು ಮೇಡಂ. “ಇಲ್ಲಾ ಬಿಡಿಬಿಡಿಯಾಗಿ ಕೈಗವಸು ಇನ್ನೂರು, ಅದರ ಜೊತೆಗೆ ಒಳಪದರ ಅಂತಾನಾ? ಅಂದ್ರೆ ಬರೀ ನೂರು ಜೊತೆ. ಇಲ್ಲಾ ಕೈಗವಸು ಬೇಡ್ವೇ ಬೇಡ, ಅದಕ್ಕೆ ಹಾಕೋ ಒಳಪದರ ಇನ್ನೂರು ಜೊತೆ ಅಂತಾನಾ?”

“ಬೆಳಿಗ್ಗೆ ನಾನು ಟೈಪ್ ಮಾಡುವಾಗ ಇದು ಒಂದೇ ಆಗಿತ್ತು ಮೇಡಂ,” ಎಂದ ಅಣ್ಣ, ತುಸು ಆಕ್ಷೇಪದ ದನಿಯಲ್ಲಿ. “ನೀವು ಕಣ್ಣು ಹಾಕಿದ್ಮೇಲೆ ಮೂರಾಯ್ತು.”

ತಪ್ಪು ಮೇಡಂ ಅವರದಲ್ಲ, ಮಾತಿನದು. ಜೊತೆ ಎಂಬ ಪದಕ್ಕೆ ಎರಡು ಕೆಲಸ. ಅದು ಎಣಿಸುತ್ತದೆ, ಕೂಡಿಸುತ್ತದೆ. ಚಪ್ಪಲಿ ಎರಡಿದ್ದರೆ ಒಂದು ಜೊತೆ. ಗಂಡನ ಹಿಂದೆ ಹೊರಟ ಹೆಂಡತಿ ಅವನ ಜೊತೆ. ಮನೆಮಾತಿನಲ್ಲಿ ಇದರಿಂದ ಯಾರಿಗೂ ತೊಂದರೆಯಾದದ್ದಿಲ್ಲ. ಆಡುವವರ ಕೈ, ಕಣ್ಣು, ಹುಬ್ಬು ಉಳಿದದ್ದನ್ನು ಹೇಳಿಬಿಡುತ್ತವೆ. ಖರೀದಿ ಆದೇಶಕ್ಕೆ ಹುಬ್ಬಿರುವುದಿಲ್ಲ. ‘ಜೊತೆಗೆ’ ಎಂದು ಒಂದು ‘ಗೆ’ ಇದ್ದಿದ್ದರೂ ಸಾಕಿತ್ತು. ಅದೂ ಇರಲಿಲ್ಲ.

“ಮೂಲ ಕಾಗದದಲ್ಲಿ ಅಲ್ಪವಿರಾಮ ಎಲ್ಲಿತ್ತು ಅಣ್ಣ?”

“ಮೂಲ ಕಾಗದವೇ ಇಲ್ಲ ಮೇಡಂ. ರೇಡಿಯೋದಲ್ಲಿ ಹೇಳಿದ್ರು, ಕೆಳಗಿನೋರು ಬರ್ಕೊಂಡ್ರು, ನನಗೆ ಫೋನಲ್ಲಿ ಓದಿದ್ರು. ಇನ್ನು ಅಲ್ಪವಿರಾಮ ಇತ್ತು ಅಂತಾನೇ ಇಟ್ಕೊಳ್ಳಿ, ನಾನೇ ತೆಗೆದಿರ್ತೀನಿ. ಸುತ್ತೋಲೆ ಇದೆಯಲ್ಲ.”

ಸುತ್ತೋಲೆ ಇತ್ತು. ಕೆಲವು ವರ್ಷಗಳ ಹಿಂದೆ ಯಾರೋ ಖರೀದಿಯ ಕಂಪ್ಯೂಟರ್ ಪೋರ್ಟಲ್ಲಿನಲ್ಲಿ ‘ಡೇರೆ, ಹಗ್ಗ, ಗೂಟ’ ಎಂದು ಬರೆದಿದ್ದರು. ಆ ಪೋರ್ಟಲ್ಲಿಗೆ ಅಲ್ಪವಿರಾಮವೆಂದರೆ ಹೊಸ ಸಾಲು, ಹೊಸ ಸಾಮಾನು. ಅದು ಮೂರು ಆದೇಶಗಳನ್ನು ಮೂರು ಕಡೆ ಕಳಿಸಿತು. ಮೊದಲ ವರ್ಷ ಗೂಟ ಬಂತು. ಎರಡನೆಯ ವರ್ಷ ಹಗ್ಗ. ಡೇರೆ ಬರುವಷ್ಟರಲ್ಲಿ ಗೂಟಗಳನ್ನು ಒಂದು ತುಕಡಿ ಸೌದೆ ಮಾಡಿ ಮುಗಿಸಿತ್ತು. ಆಮೇಲೆ ಹೊರಟ ಸುತ್ತೋಲೆ ಒಂದೇ ವಾಕ್ಯದ್ದು: ಇನ್ನು ಮುಂದೆ ಬೇಡಿಕೆಗಳಲ್ಲಿ ಅಲ್ಪವಿರಾಮ ಬಳಸತಕ್ಕದ್ದಲ್ಲ. ಪೋರ್ಟಲ್ಲು ತಿದ್ದುವುದಕ್ಕಿಂತ ಭಾಷೆ ತಿದ್ದುವುದು ಸುಲಭವೆಂದು ಯಾರಿಗೋ ಅನ್ನಿಸಿರಬೇಕು.

ಇಷ್ಟೇ ಆಗಿದ್ದರೆ ಮೇಡಂ ಕಾಗದವನ್ನು ಮೇಲಕ್ಕೆ ಕಳಿಸಿ, ಟೀ ಕುಡಿದು, ಮರೆತುಬಿಡಬಹುದಿತ್ತು. ಆದರೆ ಆ ಠಾಣೆಯಲ್ಲಿ ರೇಡಿಯೋ ಕೆಲಸ ಮಾಡುವವನು ಅವರ ತಮ್ಮ. ಠಾಣೆಗೆ ಹೋಗುವ ದಾರಿ ಇನ್ನು ನಲವತ್ತು ದಿನಕ್ಕೆ ಹಿಮ ಬಿದ್ದು ಮುಚ್ಚುತ್ತದೆ, ಮತ್ತೆ ತೆರೆಯುವುದು ಆರು ತಿಂಗಳಿಗೆ. ಅಲ್ಲಿ ಬರಿಗೈಯಲ್ಲಿ ಕಬ್ಬಿಣ ಮುಟ್ಟಿದರೆ ಚರ್ಮ ಅದಕ್ಕೇ ಅಂಟಿಕೊಂಡು ಬರುತ್ತದೆ. ಹೋದ ಚಳಿಗಾಲದಲ್ಲಿ ಅಡುಗೆಯವನೊಬ್ಬನ ಎರಡು ಬೆರಳು ತೆಗೆಯಬೇಕಾಯಿತು. ಕೈಗವಸು ಹೊಲಿಯಲು ಹದಿನೈದು ದಿನ, ಲಾರಿ ಬೆಟ್ಟ ಹತ್ತಲು ಆರು ದಿನ. ಅಂದರೆ ಹತ್ತೊಂಬತ್ತು ದಿನದೊಳಗೆ ಆದೇಶ ಹೋಗಲೇಬೇಕು.

*

ಭಾನುವಾರ ಮಧ್ಯಾಹ್ನ ತಮ್ಮನ ಫೋನು ಬಂತು. ವಾರಕ್ಕೊಮ್ಮೆ, ಐದು ನಿಮಿಷ. ಮೊದಲ ಎರಡು ನಿಮಿಷ ಅಮ್ಮನದು.

“ಹೊಟ್ಟೆತುಂಬ ತಿಂತಿದೀಯೇನೋ? ಕಾಲುಚೀಲ ಎರಡೆರಡು ಹಾಕ್ಕೋ. ಏನು? ಹಾಕ್ಕೊಂಡಿದೀನಿ ಅಂದ್ರೆ ಆಯ್ತಾ, ಒಗೆದು ಹಾಕ್ಕೋತೀಯಾ?”

ಮೇಡಂ ಫೋನು ಕಿತ್ತುಕೊಂಡರು. “ಲೋ, ನೀವು ಕೇಳಿದ್ದು ಕೈಗವಸಾ ಒಳಪದರಾನಾ?”

“ಯಾವುದು ಅಕ್ಕ?”

“ರೇಡಿಯೋದಲ್ಲಿ ಹೇಳಿದ್ದು. ಕೈಗವಸು ಇನ್ನೂರು ಜೊತೆ ಒಳಪದರ ಅಂತ.”

“ಓ, ಅದನ್ನ ನಾನೇ ಓದಿದ್ದು!” ಎಂದ ತಮ್ಮ, ಹೆಮ್ಮೆಯಿಂದ.

“ನೀನೇನಾ? ಎಲ್ಲಿ ನಿಲ್ಸಿದೆ? ಇನ್ನೂರು ಆದ್ಮೇಲೋ, ಜೊತೆ ಆದ್ಮೇಲೋ?”

“ಉಗ್ರಾಣದೋರು ಚೀಟಿ ಕೊಟ್ರು, ಓದಿದೆ. ಗಾಳಿ ಬೀಸ್ತಿತ್ತು. ಎಲ್ಲೋ ಉಸಿರು ತಗೊಂಡಿರ್ತೀನಿ ಅಕ್ಕ, ಎಲ್ಲಿ ಅಂತ ಯಾರಿಗೆ ನೆನಪಿರತ್ತೆ? ಚೀಟಿ ಒಲೆಗೆ ಹೋಯ್ತು. ಉಗ್ರಾಣದೋರಿಗೂ ವರ್ಗ ಆಯ್ತು.”

“ಹೋಗ್ಲಿ, ಅಲ್ಲಿ ಇಲ್ದಿರೋದು ಏನು?”

“ಒಳಪದರ. ಕೈಗವಸು ರಾಶಿ ಬಿದ್ದಿದೆ, ಪೆಟ್ಟಿಗೆಗಟ್ಲೆ. ಅದು ದಿಂಬು ಇದ್ದಂಗೆ ಇದೆ, ಹಾಕ್ಕೊಂಡ್ರೆ ಒಂದು ಗುಂಡಿ ತಿರುಗಿಸೋಕಾಗಲ್ಲ. ರೇಡಿಯೋ ಮುಟ್ಬೇಕಾದ್ರೆ ಅದನ್ನ ತೆಗೀಬೇಕು, ಒಳಗಿನ ತೆಳ್ಳಂದು ಇದ್ರೆ ಬೆರಳು ಉಳಿಯತ್ತೆ. ಆ ತೆಳ್ಳಂದೇ ಎಲ್ರದೂ ಹರಿದು ಚಿಂದಿಯಾಗಿದೆ. ನನ್ನ ತೋರುಬೆರಳು ಈಗಾಗ್ಲೇ ಬಿಳಿ ಬಿಳಿ...”

“ಏನೋ ಅದು ಬಿಳಿ?” ಅಮ್ಮ ಪಕ್ಕದಿಂದ ಕಿರುಚಿದರು. ಫೋನು ಕಟ್ಟಾಯಿತು. ಐದು ನಿಮಿಷ ಮುಗಿದಿತ್ತು.

“ಕೊಳ್ಳೋಳು ನೀನೇ ತಾನೆ?” ಎಂದರು ಅಮ್ಮ. “ನಾಳೆ ಹೋಗಿ ಕೊಂಡ್ಬಿಡು. ಇದರಲ್ಲಿ ಯೋಚ್ನೆ ಮಾಡೋದೇನಿದೆ?”

“ನಾನು ಕೊಳ್ಳೋದಲ್ಲಮ್ಮ. ಕೊಳ್ಳೋ ಪ್ರಕ್ರಿಯೆ ನಡೆಸೋದು.”

“ಅಂದ್ರೆ?”

ಮೇಡಂ ಪ್ರಕ್ರಿಯೆಯ ಹಂತಗಳನ್ನು ಬೆರಳಲ್ಲಿ ಎಣಿಸಲು ಶುರು ಮಾಡಿದರು. ಮೂರನೆಯದಕ್ಕೆ ಬರುವಷ್ಟರಲ್ಲಿ ಅಮ್ಮ ಒಳಗೆ ಹೋಗಿ ಉಣ್ಣೆಯ ಉಂಡೆ ಹುಡುಕತೊಡಗಿದರು.

*

ಸೋಮವಾರ ತರಬೇತಿ. ಕಚೇರಿಗೆ ಹೊಸ ಖರೀದಿ ನೀತಿ ಬಂದು ಒಂದು ವರ್ಷವಾಗಿತ್ತು. ನೀತಿಯ ಉದ್ದೇಶ ಕೆಟ್ಟದ್ದೇನಲ್ಲ. ಹಿಂದೆ ಯಾರಿಗೆ ಏನು ತೋಚಿದರೆ ಅದನ್ನು ಕೊಳ್ಳುತ್ತಿದ್ದರು. ಒಮ್ಮೆ ಇಡೀ ತುಕಡಿಗೆ ಒಂದೇ ಅಳತೆಯ ಬೂಟು ಬಂದಿತ್ತು, ‘ಎಲ್ಲರಿಗೂ ಒಂದೇ ರೀತಿಯ ಬೂಟು’ ಎಂದು ಬರೆದಿದ್ದಕ್ಕೆ. ಆದ್ದರಿಂದ ಈಗ ಖರೀದಿಯವರನ್ನು ಕೌಶಲದ ಮೇಲೆ ಮೂರು ಹಂತ ಮಾಡಿದ್ದರು: ಅರಿತವರು, ಬಲ್ಲವರು, ನಿಪುಣರು. ಅರಿತವರು ಕಾಗದವನ್ನು ಮುಂದಕ್ಕೆ ಕಳಿಸಬಹುದು. ಬಲ್ಲವರು ಆದೇಶ ಹೊರಡಿಸಬಹುದು. ಬೇಡಿಕೆಯ ಅರ್ಥ ಇದು ಎಂದು ಹೇಳುವ ಅಧಿಕಾರ ನಿಪುಣರಿಗೆ ಮಾತ್ರ.

ಟೇಪು ಮೇಡಂ ಬಲ್ಲವರು. ದೊಡ್ಡ ಸಾಹೇಬರು ಅರಿತವರು, ಏಕೆಂದರೆ ಪರೀಕ್ಷೆಯ ದಿನ ಅವರಿಗೆ ಹಲ್ಲುನೋವಿತ್ತು. ನಿಪುಣರು ಯಾರೂ ಇರಲಿಲ್ಲ. ನಿಪುಣರ ಪರೀಕ್ಷೆಗೆ ಪ್ರಶ್ನೆಪತ್ರಿಕೆ ತೆಗೆಯುವವರು ನಿಪುಣರಾಗಿರಬೇಕೆಂದು ನೀತಿಯಲ್ಲಿತ್ತು.

ತರಬೇತಿ ಕೊಡಲು ಬಂದವರು ಹೊರಗಿನ ಸಂಸ್ಥೆಯವರು; ಎಲ್ಲರೂ ಅವರನ್ನು ಗುರುಗಳೇ ಎನ್ನುತ್ತಿದ್ದರು, ಅವರೂ ಬೇಡವೆನ್ನಲಿಲ್ಲ. ಪರದೆಯ ಮೇಲೆ ದಪ್ಪಕ್ಷರದಲ್ಲಿ ಮೂಡಿಸಿದರು: ಊಹಿಸಬೇಡಿ, ಕೇಳಿ.

ಟೇಪು ಮೇಡಂ ಕೈಯೆತ್ತಿದರು. “ಗುರುಗಳೇ, ಕೇಳೋದಕ್ಕೆ ಅವಕಾಶ ಇಲ್ದಿದ್ರೆ?”

“ಕೇಳೋದಕ್ಕೆ ಯಾವಾಗ್ಲೂ ಅವಕಾಶ ಇರುತ್ತೆ ಮೇಡಂ. ಬೇಡಿಕೆ ಕಳಿಸಿದೋರನ್ನೇ ಕೇಳಿ.”

“ಬರವಣಿಗೇಲಿ ಕೇಳ್ಬೇಕು, ಪ್ರಾಂತ್ಯದ ಕಚೇರಿ ಮೂಲಕ. ಉತ್ತರಕ್ಕೆ ಆರು ವಾರ. ಅಷ್ಟರಲ್ಲಿ ದಾರಿ ಮುಚ್ಚಿರತ್ತೆ.”

“ಫೋನ್ ಮಾಡಿ.”

“ಕಡತದಾಚೆಗಿನ ಸಂಪರ್ಕ ನಿಷಿದ್ಧ, ನಿಮ್ಮದೇ ಪುಸ್ತಕದ ಹದಿನೇಳನೇ ಪುಟ.”

ಗುರುಗಳು ಹದಿನೇಳನೆಯ ಪುಟ ತೆಗೆದರು. ಬರೆದದ್ದು ತಾವೇ ಆದರೂ ಅದರಲ್ಲಿ ಹಾಗಿರುವುದನ್ನು ಕಂಡು ಅವರಿಗೇ ಆಶ್ಚರ್ಯವಾಯಿತು. ಆಮೇಲೆ ಮುಖ ಅರಳಿತು. “ಅದ್ಭುತ ಉದಾಹರಣೆ! ಎಲ್ರೂ ಗುಂಪು ಗುಂಪಾಗಿ ಕೂತ್ಕೊಳ್ಳಿ. ಈ ಸಾಲನ್ನ ಪ್ರತಿ ಮೇಜೂ ಚರ್ಚೆ ಮಾಡಿ ಅರ್ಥ ಬರೀಲಿ. ಇಪ್ಪತ್ತು ನಿಮಿಷ.”

ಆರು ಮೇಜುಗಳಿದ್ದವು, ಏಳು ಅರ್ಥ ಬಂತು. ಎರಡನೆಯ ಮೇಜಿನವರು ಒಂದೇ ಒಂದಕ್ಕೆ ಒಪ್ಪಿಕೊಳ್ಳಲಾಗದೆ ಎರಡು ಬರೆದಿದ್ದರು. ಆಹಾರ ವಿಭಾಗದವರ ಪ್ರಕಾರ ‘ಒಳಪದರ’ ಎನ್ನುವುದು ಪೆಟ್ಟಿಗೆಯ ಒಳಪದರ, ಸಾಮಾನು ಒದ್ದೆಯಾಗದಂತೆ ಹಾಕುವುದು. ವಾಹನ ವಿಭಾಗದವನೊಬ್ಬ ಎದ್ದು, ಇನ್ನೂರು ಎನ್ನುವುದು ಅಳತೆಯೂ ಇರಬಹುದಲ್ಲ, ಟೈರಿಗೆ ಇರುವ ಹಾಗೆ, ಎಂದ.

“ಇನ್ನೂರನೇ ಅಳತೆ ಕೈಗವಸು ಹಾಕೋ ಕೈ ಯಾರ್ದಪ್ಪಾ?” ಎಂದಳು ಹಿಂದಿನ ಮೇಜಿನ ಔಷಧ ವಿಭಾಗದಾಕೆ. “ಆನೇದಾ?”

ಎಲ್ಲರೂ ನಕ್ಕರು. ಗುರುಗಳು ಏಳನ್ನೂ ಹಲಗೆಯ ಮೇಲೆ ಬರೆಸಿ, ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಊಟಕ್ಕೆ ಬಿಟ್ಟಾಗ ಮೇಡಂ ಅವರನ್ನು ಬಾಗಿಲ ಬಳಿ ಹಿಡಿದರು. “ಇದರಲ್ಲಿ ಸರಿ ಯಾವುದು ಗುರುಗಳೇ?”

“ಸರಿ ತಪ್ಪು ಅನ್ನೋದು ಮುಖ್ಯ ಅಲ್ಲ ಮೇಡಂ. ನೀವೆಲ್ಲ ಯೋಚ್ನೆ ಮಾಡಿದ್ರಲ್ಲ, ಅದು ಮುಖ್ಯ.”

ಬೆಳಿಗ್ಗೆ ಮೂರು ಅರ್ಥದೊಂದಿಗೆ ಒಳಗೆ ಹೋಗಿದ್ದ ಮೇಡಂ ಸಂಜೆ ಏಳು ಅರ್ಥದೊಂದಿಗೆ ಹೊರಗೆ ಬಂದರು, ಒಂದು ಪ್ರಮಾಣಪತ್ರದ ಸಮೇತ. ತಮ್ಮ ಹೇಳಿದ ಅರ್ಥ ಏಳರಲ್ಲಿ ಒಂದಾಗಿ, ಉಳಿದ ಆರರಷ್ಟೇ ಎತ್ತರಕ್ಕೆ ನಿಂತಿತ್ತು. ಬಸ್ಸಿನಲ್ಲಿ ಕೂತು ಅವರಿಗೂ ಒಂದು ಕ್ಷಣ ಅನುಮಾನ ಬಂತು: ತಾನು ಫೋನಿನಲ್ಲಿ ಕೇಳಿಸಿಕೊಂಡದ್ದು ಅದೇ ಹೌದೇ, ಅಥವಾ ಅಕ್ಕನ ಕಿವಿ ತನಗೆ ಬೇಕಾದಲ್ಲಿ ನಿಂತು ಕೇಳಿತೇ?

*

ಮಾರನೆಯ ವಾರ ಸ್ಪಷ್ಟೀಕರಣ ಸಭೆ. ಕೈಗವಸು ಹೊಲಿದುಕೊಡಲು ಆ ವರ್ಷಕ್ಕೆ ಒಪ್ಪಂದವಾಗಿದ್ದದ್ದು ಒಬ್ಬ ಹಳೆಯ ಹೊಲಿಗೆಗಾರನೊಂದಿಗೆ. ಅವನ ಕಾರ್ಖಾನೆಯಲ್ಲಿ ಹದಿನೆಂಟು ಮಿಷನ್ನು, ಅವನ ಹೆಂಡತಿ, ಅವಳ ಮೂವರು ತಂಗಿಯರು. ಹೊಸ ನೀತಿಯ ಪ್ರಕಾರ ಅವನು ಏನಾದರೂ ಕೇಳಿದರೆ ಕಚೇರಿ ಮೂರು ದಿನದೊಳಗೆ ಬರವಣಿಗೆಯಲ್ಲಿ ಉತ್ತರಿಸಬೇಕು. ಕಚೇರಿಯವರು ಅವನನ್ನು ಏನೂ ಕೇಳುವಂತಿಲ್ಲ, ಏನನ್ನೂ ಸೂಚಿಸುವಂತಿಲ್ಲ.

ಹೊಲಿಗೆಗಾರ ಸೂಜಿಗೆ ಅಡ್ಡ ಹಾಕುವ ಬೆರಳಿನ ಟೋಪಿಯನ್ನೂ ತೆಗೆಯದೆ ಬಂದು ಕೂತಿದ್ದ. ಮೇಜಿನ ತಲೆಗೆ ದೊಡ್ಡ ಸಾಹೇಬರು. ಎಡಕ್ಕೆ ಮೇಡಂ, ತುಟಿ ಬಿಗಿದುಕೊಂಡು. ಆ ಕೋಣೆಯಲ್ಲಿ ಉತ್ತರ ಗೊತ್ತಿದ್ದವರು ಅವರೊಬ್ಬರೇ, ಬಾಯಿ ಬಿಡಬಾರದವರೂ ಅವರೊಬ್ಬರೇ.

“ಸಾಮೀ, ನನ್ನದು ಸಣ್ಣ ಪ್ರಶ್ನೆ,” ಎಂದ ಹೊಲಿಗೆಗಾರ. “ಇಲ್ಲಿ ಜೊತೆ ಅಂತ ಇದೆಯಲ್ಲ, ಅದು ಜೊತೇನಾ ಜೊತೆಗಾ?”

ಮೇಡಂ ಅವರಿಗೆ ಎದ್ದು ಅವನ ಕೈ ಹಿಡಿಯಬೇಕೆನಿಸಿತು.

ದೊಡ್ಡ ಸಾಹೇಬರು ಒಳ್ಳೆಯವರು. ಮೂವತ್ತೊಂದು ವರ್ಷದ ಸೇವೆಯಲ್ಲಿ ಯಾರ ಮನಸ್ಸನ್ನೂ ನೋಯಿಸಿರಲಿಲ್ಲ, ಯಾವ ಕಾಗದದಲ್ಲೂ ಸಿಕ್ಕಿಬಿದ್ದಿರಲಿಲ್ಲ. ಅವರು ಸಾಲನ್ನು ಓದಿದರು, ಕಿಟಕಿಯಾಚೆ ನೋಡಿದರು, ಮತ್ತೆ ಓದಿದರು. “ಒಳ್ಳೆ ಪ್ರಶ್ನೆ. ಬರವಣಿಗೇಲಿ ಕೊಡ್ತೀವಿ.”

“ಹೊಲಿಯೋಕೆ ಹದಿನೈದು ದಿನ ಬೇಕು ಸಾಮೀ.”

“ಮೂರೇ ದಿನ.”

ಮೂರನೆಯ ದಿನ ಸಂಜೆ ಉತ್ತರ ಸಿದ್ಧವಾಯಿತು. ಕಾನೂನಿನವರು ನೋಡಿದ್ದರು, ಭಾಷೆಯವರು ನೋಡಿದ್ದರು, ಸಾಹೇಬರು ಸಹಿ ಮಾಡಿದ್ದರು. ಅಣ್ಣ ಅದನ್ನು ಮೇಡಂ ಅವರ ಮೇಜಿನ ಮೇಲಿಟ್ಟು ತನ್ನ ಕುರ್ಚಿಗೆ ಹೋಗಿ ಕೂತ. ಅದರಲ್ಲಿ ಹೀಗಿತ್ತು: ‘ತಮ್ಮ ಪ್ರಶ್ನೆಗೆ ಸಂಬಂಧಿಸಿದಂತೆ ಸ್ಪಷ್ಟಪಡಿಸುವುದೇನೆಂದರೆ ಜೊತೆ ಎಂದರೆ ಜೊತೆಯೇ ಆಗಿರುತ್ತದೆ.’

ಮೇಡಂ ನೇರ ಸಾಹೇಬರ ಕೋಣೆಗೆ ಹೋದರು. “ಸರ್, ಇದೇನು ಸರ್ ಹೀಗೆ?”

“ಯಾಕಮ್ಮಾ, ತಪ್ಪಿದೆಯಾ?”

“ತಪ್ಪಿಲ್ಲ ಸರ್.”

“ಮತ್ತೆ?”

“ಸರಿಯೂ ಇಲ್ಲ.”

ಸಾಹೇಬರು ನಿಟ್ಟುಸಿರುಬಿಟ್ಟರು. “ಕೂತ್ಕೋಮ್ಮ. ನಾನು ಅರಿತವನು. ಅರ್ಥ ಹೇಳಿದ್ರೆ ನನ್ನ ಅಧಿಕಾರ ಮೀರಿದ ಹಾಗೆ. ಹೇಳ್ದೇ ಇದ್ರೆ ಉತ್ತರ ಕೊಡದ ಹಾಗೆ. ಎರಡರ ನಡುವೆ ಇಷ್ಟೇ ಜಾಗ ಇರೋದು, ಅದರಲ್ಲಿ ಒಂದು ವಾಕ್ಯ ಕೂರಿಸಿದೀನಿ. ನೀನಾದ್ರೆ ಇನ್ನೇನು ಬರೀತಿದ್ದೆ?”

“ನನ್ನ ತಮ್ಮ ಅಲ್ಲಿದಾನೆ ಸರ್. ಏನು ಬೇಕು ಅಂತ ನನಗೆ ಗೊತ್ತು.”

ಸಾಹೇಬರು ತಟ್ಟನೆ ಎರಡೂ ಕೈ ಎತ್ತಿದರು. “ಅದನ್ನ ನನಗೆ ಹೇಳ್ಬೇಡ. ಹೇಳಿದ್ರೆ ನನಗೂ ಗೊತ್ತಾಗತ್ತೆ. ಸಂಬಂಧದ ಘೋಷಣೆ ಕೊಟ್ಟಿದೀಯಾ?”

“ಕೊಟ್ಟಿದೀನಿ.”

ಕೊಟ್ಟಿದ್ದರು. ಖರೀದಿಯಿಂದ ಸಂಬಂಧಿಕರಿಗೆ ಆಗುವ ಲಾಭವೇನು ಎಂಬ ಅಂಕಣದಲ್ಲಿ ‘ತಮ್ಮನ ಹತ್ತು ಬೆರಳು’ ಎಂದು ಬರೆದಿದ್ದರು. ಜಾಗೃತ ದಳದವರು ಅದನ್ನು ವಾಪಸು ಕಳಿಸಿ, ಬೆರಳುಗಳ ಅಂದಾಜು ಮೌಲ್ಯ ಕೇಳಿದ್ದರು. ಮೇಡಂ ‘ಅನ್ವಯಿಸುವುದಿಲ್ಲ’ ಎಂದು ಬರೆದ ಮೇಲೆ ಒಪ್ಪಿಗೆ ಬಂದಿತ್ತು.

ಹೊಲಿಗೆಗಾರ ಮಾರನೆಯ ಬೆಳಿಗ್ಗೆಯೇ ಉತ್ತರದ ಕಾಗದ ಹಿಡಿದುಕೊಂಡು ಮೆಟ್ಟಿಲ ಬುಡದಲ್ಲಿ ಕಾಯುತ್ತಿದ್ದ.

“ಏನಮ್ಮಾ ಇದು? ನಾನು ಓದಿದೆ, ನನ್ನ ಹೆಂಡ್ತಿ ಓದಿದ್ಳು, ಅವಳ ತಂಗೀರೂ ಓದಿದ್ರು. ಮನೇಲಿ ಜಗಳ ಆಗಿ ಬೆಳಿಗ್ಗೆ ಅಡುಗೆ ಆಗಿಲ್ಲ. ಏನಾದ್ರೂ ಒಂದು ಹೇಳಿ, ಹೊಲಿದು ಬಿಸಾಕ್ತೀನಿ.”

“ನಾನು ಹೇಳೋ ಹಾಗಿಲ್ಲ ಯಜಮಾನ್ರೇ.”

“ತಲೆನಾದ್ರೂ ಆಡಿಸಿ. ನಾನು ಒಂದೊಂದಾಗಿ ಹೇಳ್ತೀನಿ, ಸರಿಯಾದಾಗ ಹೀಗೆ...”

“ತಲೆ ಆಡಿಸೋದೂ ಸೂಚನೇನೇ. ಇಪ್ಪತ್ತೆರಡನೇ ಪುಟ.”

ಹೊಲಿಗೆಗಾರ ಅವರನ್ನು ಕನಿಕರದಿಂದ ನೋಡಿದ. “ತಲೆ ಕೂಡ ನಿಮ್ಮದಲ್ವಾ ಅಮ್ಮಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಸೈಕಲ್ಲು ಹತ್ತಿದ.

*

ಹದಿನೆಂಟನೆಯ ದಿನ. ಮಧ್ಯಾಹ್ನ ಮೂರು ಗಂಟೆಗೆ ಮೇಡಂ ಗೋಡೆಯ ಮುಂದೆ ನಿಂತಿದ್ದರು. ತರಬೇತಿಯವರು ಅಂಟಿಸಿಹೋದ ದೊಡ್ಡ ಪಟ್ಟಿ ಅಲ್ಲಿತ್ತು, ಯಾವ ಹಂತದವರು ಏನೇನು ಮಾಡಬಹುದೆಂದು. ಎಲ್ಲರೂ ಅದರ ಮುಂದೆ ದಿನಕ್ಕೆ ಹತ್ತು ಸಲ ಓಡಾಡುತ್ತಿದ್ದರು, ಆದ್ದರಿಂದ ಯಾರೂ ಓದಿರಲಿಲ್ಲ. ಮೇಡಂ ಬಲ್ಲವರ ಅಂಕಣದ ಮೇಲೆ ಬೆರಳಿಟ್ಟು ಕೆಳಗಿಳಿಸುತ್ತ ಬಂದರು. ಹನ್ನೊಂದನೆಯದರ ಹತ್ತಿರ ಬೆರಳು ನಿಂತಿತು: ಬೇಡಿಕೆಯಲ್ಲಿನ ಕಾಗುಣಿತ ಹಾಗೂ ಲೇಖನ ಚಿಹ್ನೆಗಳ ತಿದ್ದುಪಡಿ.

“ಅಣ್ಣಾ, ಇಲ್ಲಿ ಬನ್ನಿ. ಇದೇನು ಬರೆದಿದೆ?”

ಅಣ್ಣ ಬಂದು ಓದಿದ. “ಲೇಖನ ಚಿಹ್ನೆ ತಿದ್ದಬಹುದು ಅಂತಿದೆ.”

“ಅಲ್ಪವಿರಾಮ ಲೇಖನ ಚಿಹ್ನೆ ಹೌದಾ ಅಲ್ವಾ?”

“ಹೌದು. ಆದ್ರೆ ಅದನ್ನ ಬಳಸೋ ಹಾಗಿಲ್ಲ. ಸುತ್ತೋಲೆ.”

“ಸುತ್ತೋಲೆ ಹಳೇದು. ನೀತಿ ಹೊಸದು.”

“ಹೊಸದು ಬಂದ್ಮೇಲೆ ಹಳೇದು ಹೋಯ್ತು ಅಂತ ಎಲ್ಲಾದ್ರೂ ಬರೆದಿದಾರಾ?”

“ಇಲ್ಲ. ಹೋಗಿಲ್ಲ ಅಂತಾನೂ ಬರೆದಿಲ್ಲ.”

ಅಣ್ಣ ತಲೆ ಕೆರೆದುಕೊಂಡ. “ಅರ್ಥ ಹೇಳೋ ಅಧಿಕಾರ ನಿಮಗಿಲ್ಲ ಮೇಡಂ.”

“ನಾನೆಲ್ಲಿ ಅರ್ಥ ಹೇಳ್ತಿದೀನಿ? ಒಂದು ಚುಕ್ಕಿಗೆ ಬಾಲ ಇಡ್ತಿದೀನಿ, ಅಷ್ಟೇ. ಅರ್ಥ ಅದೇ ಹೇಳ್ಕೊಳ್ಳತ್ತೆ.”

ಅವರು ಕಂಪ್ಯೂಟರಿನ ಮುಂದೆ ಕೂತರು. ಸಾಲು ತೆರೆಯಿತು. ‘ಕೈಗವಸು’ ಎಂಬುದರ ಪಕ್ಕದಲ್ಲಿ ಮಿಣುಕುತ್ತಿದ್ದ ಗೆರೆಯನ್ನು ನೋಡುತ್ತ ಮೂರು ಜಾಗಗಳನ್ನೂ ಲೆಕ್ಕ ಹಾಕಿದರು. ಇನ್ನೂರರ ಮುಂದೆ ಇಟ್ಟರೆ ನೂರು ಜೊತೆ ದಪ್ಪ ಕೈಗವಸು. ಜೊತೆಯ ಮುಂದೆ ಇಟ್ಟರೆ ಇನ್ನೂರು ಜೊತೆ. ಕೈಗವಸಿನ ಮುಂದೆ ಇಟ್ಟರೆ ಇನ್ನೂರು ಜೊತೆ ಒಳಪದರ. ತಮ್ಮನ ದನಿಯನ್ನು ನೆನಪಿಸಿಕೊಂಡರು. ‘ತೆಳ್ಳಂದು’ ಎಂದಿದ್ದ. ಗಾಳಿ ಬೀಸುತ್ತಿತ್ತು, ಫೋನು ಗರಗರ ಎನ್ನುತ್ತಿತ್ತು, ಅಮ್ಮ ಪಕ್ಕದಲ್ಲಿ ಕಿರುಚುತ್ತಿದ್ದರು, ಆದರೂ ಅಂದಿದ್ದ.

ಕೈಗವಸಿನ ಮುಂದೆ ಇಟ್ಟರು.

ಪೋರ್ಟಲ್ಲು ತನ್ನ ಸ್ವಭಾವ ಬಿಡಲಿಲ್ಲ. ಸಾಲು ಎರಡು ತುಂಡಾಯಿತು. ಕೆಳಗಿನದರಲ್ಲಿ ‘ಇನ್ನೂರು ಜೊತೆ ಒಳಪದರ’. ಮೇಲಿನದರಲ್ಲಿ ಬರೀ ‘ಕೈಗವಸು’. ಸಂಖ್ಯೆಯ ಮನೆ ಖಾಲಿ. ಖಾಲಿ ಬಿಟ್ಟರೆ ಅದು ಮುಂದಕ್ಕೆ ಹೋಗುವುದಿಲ್ಲ. ಸೊನ್ನೆ ಒತ್ತಿದರೆ ‘ಅಮಾನ್ಯ’ ಎಂದು ಕೆಂಪಗಾಯಿತು. ಮೇಲಿನ ಸಾಲನ್ನು ಅಳಿಸಲು ಹೋದರೆ, ಬೇಡಿಕೆಯಲ್ಲಿನ ಸಾಮಾನನ್ನು ಅಳಿಸುವ ಅಧಿಕಾರ ನಿಪುಣರಿಗೆ ಮಾತ್ರ ಎಂದಿತು.

“ಈಗ?” ಎಂದ ಅಣ್ಣ, ಹಿಂದಿನಿಂದ ಬಗ್ಗಿ ನೋಡುತ್ತ. “ಹಾಗೇ ಮುಚ್ಚಿಬಿಡಿ ಮೇಡಂ. ಯಾರೂ ನೋಡಿಲ್ಲ.”

“ಮುಚ್ಚಿದ್ರೆ ತಿದ್ದುಪಡಿ ಬಾಕಿ ಅಂತ ಇಪ್ಪತ್ತೊಂದು ದಿನ ಹಿಡಿದಿಡತ್ತೆ. ಅಲ್ಲಿಗೆ ಮುಗೀತು.”

“ಮತ್ತೆ ಏನು ಹಾಕ್ತೀರಿ?”

ಮೇಡಂ ಒಂದು ಎಂದು ಒತ್ತಿದರು. ಪೋರ್ಟಲ್ಲು ತಕ್ಷಣ ಹಸಿರಾಯಿತು. ಆ ದಿನ ಅದಕ್ಕೆ ಪೂರ್ತಿ ಅರ್ಥವಾದ ವಿಷಯ ಅದೊಂದೇ. ಆದೇಶ ಹೋಯಿತು.

“ಒಂದು ಕೈಗವಸು,” ಎಂದ ಅಣ್ಣ ಮೆಲ್ಲಗೆ. “ಒಂದು ಜೊತೆಯೂ ಅಲ್ಲ.”

“ಜೊತೆ ಅನ್ನೋ ಮಾತು ಕೆಳಗಿನ ಸಾಲಿಗೆ ಹೋಯ್ತಲ್ಲ ಅಣ್ಣ.”

ಅವರು ನೀರು ಕುಡಿಯಲು ಎದ್ದರು. ಮಾಡಿದ್ದು ಸರಿಯೆಂದು ಅವರಿಗೆ ಅನ್ನಿಸಲಿಲ್ಲ, ತಪ್ಪೆಂದೂ ಅನ್ನಿಸಲಿಲ್ಲ. ಎರಡೂ ಅಲ್ಲದ ಆ ಭಾವನೆಗೆ ಹೆಸರಿರಬೇಕು, ಆದರೆ ತರಬೇತಿಯ ಪುಸ್ತಕದಲ್ಲಿ ಇರಲಿಲ್ಲ.

ಅರ್ಧ ಗಂಟೆಗೆ ಹೊಲಿಗೆಗಾರನಿಂದ ಲಿಖಿತ ಪ್ರಶ್ನೆ ಬಂತು. ಒಳಪದರದ ವಿಷಯ ತಿಳಿಯಿತು, ಈ ಸಂಜೆಯೇ ಕತ್ತರಿಸಲು ಶುರು ಮಾಡುತ್ತೇವೆ, ಆದರೆ ಆ ಒಂದು ಕೈಗವಸು ಯಾವ ಕೈಯದು? ನಿಯಮದ ಪ್ರಕಾರ ಉತ್ತರಕ್ಕೆ ಮೂರು ದಿನವಿತ್ತು. ಈ ಬಾರಿ ಕಾನೂನಿನವರು ನೋಡಲಿಲ್ಲ, ಭಾಷೆಯವರು ನೋಡಲಿಲ್ಲ. ಸಾಹೇಬರು ಕಾಗದ ತರಿಸಿಕೊಂಡು ತಮ್ಮ ಎರಡೂ ಕೈಗಳನ್ನು ಮೇಜಿನ ಮೇಲಿಟ್ಟು ನೋಡಿದರು. ಪೆನ್ನು ಹಿಡಿದಿದ್ದ ಕೈ ಯಾವುದೋ ಅದನ್ನೇ ಬರೆದು ಕಳಿಸಿದರು. ಮೂವತ್ತೊಂದು ವರ್ಷದಲ್ಲಿ ಅವರು ಕೊಟ್ಟ ಮೊದಲ ನೇರ ಉತ್ತರ ಅದು ಎಂದು ಅಣ್ಣ ಆಮೇಲೆ ಹೇಳುತ್ತಿದ್ದ.

ತನಿಖೆಯೊಂದು ನಡೆಯಿತು. ಅಲ್ಪವಿರಾಮ ಇಡುವುದು ತಿದ್ದುಪಡಿಯೋ ಅರ್ಥವಿವರಣೆಯೋ ಎಂಬ ಬಗ್ಗೆ ಮೂವರ ಸಮಿತಿ ಎರಡು ವರದಿ ಕೊಟ್ಟಿತು. ಅಷ್ಟರಲ್ಲಿ ಟೇಪು ಮೇಡಂ ಅವರನ್ನು ತಾತ್ಕಾಲಿಕವಾಗಿ ಬಲ್ಲವರಿಂದ ಅರಿತವರಿಗೆ ಇಳಿಸಿ, ಗುರುಗಳ ಮುಂದಿನ ತರಬೇತಿಗೆ ಹೆಸರು ಬರೆಸಲಾಯಿತು.

ದಾರಿ ಮುಚ್ಚುವುದಕ್ಕೆ ಒಂದು ದಿನ ಮೊದಲು ಲಾರಿ ಠಾಣೆ ತಲುಪಿತು. ಅದರಿಂದ ಇನ್ನೂರು ಜೊತೆ ಒಳಪದರ, ಬಲಗೈಯ ಒಂದು ಕೈಗವಸು ಇಳಿದವು.